ಇಲ್ಲದವರಿಗೆ ಒಂದು ಕುರ್ಚಿ

ಮಡಿಕೆಯಕ್ಕನ ಬೆರಳುಗಳು ಸುಮ್ಮನಿದ್ದುದನ್ನು ಕಂಡವರಿಲ್ಲ. ಗಿರಣಿಯಲ್ಲಿ ನೆಯ್ದು, ತೊಳೆದು, ಒಣಗಿ ಬಂದ ಬಟ್ಟೆಯ ಥಾನನ್ನು ಅಳತೆಗೆ ಸರಿಯಾಗಿ ಮಡಿಸಿ ಕಟ್ಟುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ ಕೈ, ಬಸ್ಸಿನ ಚೀಟಿ ಸಿಕ್ಕರೂ ನಾಲ್ಕು ಮಡಿಕೆ ಮಾಡಿ ಇಡುತ್ತಿತ್ತು. "ಇವಳ ಕೈಗೆ ರಸ್ತೆ ಸಿಕ್ಕಿದ್ರೂ ಮಡಿಸಿ ಬೀರುವಿನಲ್ಲಿ ಇಡ್ತಾಳೆ" ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮಾತು ಮಾತ್ರ ಕಡಿಮೆ. ಒಂದೇ ಒಂದು ಮಾತು ಆಡಿ ಕೆಟ್ಟವಳು ಅವಳು.

ಅವಳಿಗೆ ಹದಿನಾಲ್ಕು ತುಂಬಿದಾಗ ತಾಯಿ ತೀರಿಕೊಂಡಳು. ತಂಗಿಗೆ ಆಗ ನಾಲ್ಕು ವರ್ಷ. ಅಪ್ಪ ಇದ್ದೂ ಇಲ್ಲದ ಹಾಗೆ ಎರಡು ವರ್ಷ ಇದ್ದು, ಆಮೇಲೆ ನಿಜವಾಗಿಯೂ ಇಲ್ಲವಾದ. ಶಾಲೆ ನಾಲ್ಕನೆಯ ತರಗತಿಗೇ ನಿಂತಿತ್ತು. ಗಿರಣಿಗೆ ಸೇರಿದಳು, ಗಿರಣಿಯವರು ಕೊಟ್ಟ ಮನೆಯಲ್ಲಿ ತಂಗಿಯನ್ನು ಸಾಕಿದಳು. ಮೂರನೆಯ ಸಾಲಿನ ಕೊನೆಯ ಮನೆ, ನೀಲಿ ಬಾಗಿಲು, ಒಂದು ಕೋಣೆ, ಒಂದು ಅಡುಗೆಮನೆ. ಹೊಸ್ತಿಲು ಮರದ್ದು. ಅದರ ಮೇಲೆ ಕೂತೇ ತಂಗಿ ಉಣ್ಣುವುದು, ಅದರ ಮೇಲೆ ಕೂತೇ ತಲೆ ಬಾಚಿಸಿಕೊಳ್ಳುವುದು. "ಒಳಗೆ ಬಾ, ಇಲ್ಲ ಹೊರಗೆ ಹೋಗು, ನಡುವೆ ಕೂತು ದಾರಿ ಕಟ್ಟಬೇಡ" ಎಂದು ಅಕ್ಕ ಗದರುವಳು. "ನಾನು ನಿನ್ನ ಚಿಲಕ ಕಣೇ" ಎನ್ನುವಳು ತಂಗಿ. ಹೊಸ್ತಿಲ ನಡುವೆ ಒಂದು ಕಡೆ ಮರ ಸವೆದು ನುಣುಪಾಗಿತ್ತು. ಅಕ್ಕನಿಗೆ ಮದುವೆಯ ಮಾತು ಎರಡು ಸಲ ಬಂತು. ತಂಗಿ ಒಂದು ದಡ ಸೇರಲಿ ಎಂದು ಎರಡು ಸಲವೂ ಕಳಿಸಿಬಿಟ್ಟಳು.

ತಂಗಿ ಹೊಲಿಗೆ ಕಲಿತಳು. ಒಳ್ಳೆಯ ಕೈ. ಒಂದು ಸಂಜೆ, ಅಂಗಡಿಯಲ್ಲಿ ಜೊತೆಗೆ ಹೊಲಿಯುವ ಹುಡುಗಿಯನ್ನು ಕರೆದುಕೊಂಡು ಬಂದು ಹೇಳಿದಳು: "ಅಕ್ಕಾ, ನಾನು ಇವಳ ಜೊತೆಗೇ ಇರ್ತೀನಿ. ಗೆಳತಿ ಅಂತ ಅಲ್ಲ. ಸಂಸಾರ ಅಂತ."

ಅಕ್ಕತಂಗಿಯರು ಆಗ ದೊಡ್ಡ ಚರ್ಚಿಗೆ ಹೋಗುತ್ತಿದ್ದರು. ಅಲ್ಲಿಯ ಹಿರಿಯರು ಸಭೆ ಸೇರಿ ತಂಗಿಯ ಹೆಸರನ್ನು ಪಟ್ಟಿಯಿಂದ ತೆಗೆದರು. ಎಲ್ಲರ ಮುಂದೆ ಅಕ್ಕನನ್ನು ನಿಲ್ಲಿಸಿ, ನೀನು ಯಾರ ಕಡೆ ಎಂದು ಕೇಳಿದರು. ಅಲ್ಲಿ ಅವಳ ಬಾಯಿ ಏಳಲಿಲ್ಲ. ಮನೆಗೆ ಬಂದ ಮೇಲೆ ಎದ್ದಿತು. ಅವಮಾನವೂ ಹೆದರಿಕೆಯೂ ಸೇರಿ ತಂಗಿಯ ಮೇಲೆ ಹೊರಟಿತು: "ಇನ್ನು ಮೇಲೆ ಈ ಹೊಸ್ತಿಲು ತುಳೀಬೇಡ."

ತಂಗಿ ಹೊಲಿಗೆಯ ಕತ್ತರಿಯನ್ನಷ್ಟೇ ತೆಗೆದುಕೊಂಡಳು. ಹೊರಡುವಾಗ ಹೊಸ್ತಿಲನ್ನು ತುಳಿಯದೆ ಉದ್ದಕ್ಕೆ ಕಾಲು ಹಾಕಿ ದಾಟಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮುಂದಿನ ವರ್ಷ ಒಂದು ಲಕೋಟೆ ಬಂತು. ಒಳಗೆ ಕಾಗದವಿಲ್ಲ, ಅಂಗೈಯಗಲದ ಒಂದು ಬಟ್ಟೆಯ ತುಂಡು ಮಾತ್ರ. ಕಳಿಸಿದವರ ವಿಳಾಸವಿಲ್ಲ, ಅಂಚೆಯ ಸೀಲು ಮಸಿ ಹರಡಿ ಕಪ್ಪಗಾಗಿತ್ತು. ಆದರೆ ಅಂಚು ಕತ್ತರಿಸಿದ ರೀತಿ ನೋಡಿದರೆ ಸಾಕು, ಯಾರ ಕೈ ಎಂದು ತಿಳಿಯುತ್ತಿತ್ತು. ಹಾಗೆಯೇ ವರ್ಷಕ್ಕೊಂದು, ಒಂಬತ್ತು ಬಂದವು. ಅಕ್ಷರ ಓದಲು ತಡಕಾಡುವ ಮಡಿಕೆಯಕ್ಕ ಬಟ್ಟೆಯನ್ನು ಮಾತ್ರ ಬೆರಳಿನಿಂದಲೇ ಓದಬಲ್ಲಳು. ಮೊದಲ ಎರಡು ವರ್ಷ ಒರಟು ಹೊದಿಕೆಯ ಬಟ್ಟೆ: ಕಷ್ಟದಲ್ಲಿದ್ದಾಳೆ. ಆಮೇಲೆ ಶಾಲೆಯ ಸಮವಸ್ತ್ರದ ನೀಲಿ: ಖಾಯಂ ಗಿರಾಕಿ ಸಿಕ್ಕಿದ್ದಾರೆ. ಆರನೆಯದು ಎಷ್ಟು ಮೆತ್ತಗಿತ್ತೆಂದರೆ ಅದು ಹಸುಗೂಸಿನ ಅಂಗಿಗಲ್ಲದೆ ಬೇರೆ ಯಾವುದಕ್ಕೂ ಅಲ್ಲ. ಯಾರ ಕೂಸು? ಗಿರಾಕಿಯದೋ, ಮನೆಯದೋ? ಆ ತುಂಡನ್ನು ಕೆನ್ನೆಗೆ ಒತ್ತಿಕೊಂಡು ಎಷ್ಟು ಯೋಚಿಸಿದರೂ ಬಟ್ಟೆ ಅಷ್ಟು ದೂರ ಮಾತಾಡಲಿಲ್ಲ.

ದೊಡ್ಡ ಚರ್ಚಿನಲ್ಲಿ ಕೂರಲು ಅವಳಿಗೆ ಆಗಲಿಲ್ಲ. ಒಂದು ಭಾನುವಾರ ಪ್ರಾರ್ಥನೆಯ ನಡುವೆ ಎದ್ದು ಬಂದವಳು ಗಿರಣಿಯ ಹಳೆಯ ಹತ್ತಿ ಗೋದಾಮಿನ ಮುಂದೆ ನಿಂತಳು. ಒಳಗೆ ಯಾರೋ ಹಾಡುತ್ತಿದ್ದರು, ಒಬ್ಬೊಬ್ಬರದು ಒಂದೊಂದು ದಾರಿ. ಅದೂ ಒಂದು ಚರ್ಚೇ. ಬೀಗವಿಲ್ಲದ ಬಾಗಿಲು, ಮಡಚುವ ಕುರ್ಚಿಗಳು. ಸಂಸಾರ ಹೂಡಿದ ಇಬ್ಬರು ಗಂಡಸರು ಒಂದೇ ಹಾಡಿನ ಹಾಳೆ ಹಿಡಿದು ಕೂತಿದ್ದರು; ಕೆಲವು ವರ್ಷದ ಮೇಲೆ ತೊಡೆಯಿಂದ ತೊಡೆಗೆ ಬದಲಾಯಿಸಿಕೊಳ್ಳಲು ಅವರಿಗೊಂದು ಮಗುವೂ ಬಂತು. ಪಕ್ಕದಲ್ಲಿ ನಿವೃತ್ತರಾದ ಲೆಕ್ಕದ ಮೇಷ್ಟ್ರು. ಅವರು ಮೊದಲ ದಿನವೇ ಹೇಳಿದರು: "ನನಗೆ ದೇವರ ಮೇಲೆ ಅಂಥಾ ನಂಬಿಕೆ ಇಲ್ಲಮ್ಮ. ಇವರ ಮೇಲಿದೆ, ಅದಕ್ಕೆ ಬರ್ತೀನಿ." ಬೋಧನೆ ಮಾಡುವವಳೂ ಹೆಂಗಸೇ, ಎಲ್ಲರಿಗೂ ಪಾಸ್ಟರಮ್ಮ. ಆಕೆ ಏನೂ ಕೇಳದೆ ಒಂದು ಕುರ್ಚಿ ಬಿಡಿಸಿ, "ಕೂತ್ಕೊಳ್ಳಿ" ಎಂದಳು.

ಮಡಿಕೆಯಕ್ಕ ಕೂತಳು. ತಂಗಿ ಇಲ್ಲಿ ಕೂರಬಹುದಿತ್ತು ಎಂದು ಅನ್ನಿಸಿತು. ಅಂದಿನಿಂದ ಅದೇ ಅವಳ ಚರ್ಚು. ಆದರೆ ತಂಗಿಯ ಸುದ್ದಿಯನ್ನು ಅಲ್ಲಿ ಯಾರಿಗೂ ಹೇಳಲಿಲ್ಲ. ಇಂಥವರನ್ನು ಕೈ ಹಿಡಿದು ಕೂರಿಸುವ ಜನರ ಮುಂದೆ, ಇಂಥವಳನ್ನೇ ಹೊರಗೆ ಹಾಕಿದವಳು ನಾನು ಎಂದು ಯಾವ ಬಾಯಲ್ಲಿ ಹೇಳುವುದು? ಅದರ ಬದಲು ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿ ಹಾಕತೊಡಗಿದಳು.

ಅಲ್ಲಿ ಒಂದು ಪದ್ಧತಿ ಇತ್ತು. ಬರುವವರು ಎಷ್ಟು ಮಂದಿಯೋ ಅಷ್ಟು ಕುರ್ಚಿ, ಜೊತೆಗೆ ಒಂದು ಹೆಚ್ಚು. "ಇಲ್ಲದವರಿಗೆ ಒಂದು" ಎನ್ನುತ್ತಿದ್ದಳು ಪಾಸ್ಟರಮ್ಮ. ಸತ್ತವರು, ದೂರ ಹೋದವರು, ಸಿಟ್ಟು ಮಾಡಿಕೊಂಡವರು, ಎಲ್ಲರಿಗೂ ಸೇರಿ ಒಂದು. ಅದರಲ್ಲಿ ಯಾರೂ ಕೂರುವಂತಿಲ್ಲ, ಯಾರದು ಎಂದು ಕೇಳುವಂತಿಲ್ಲ. ಮಡಿಕೆಯಕ್ಕ ಅದನ್ನು ಕೊನೆಯಲ್ಲಿ ಹಾಕುತ್ತಿದ್ದಳು. ಸೆರಗಿನಿಂದ ಒರೆಸಿ, ಬಾಗಿಲು ಕಾಣುವ ಹಾಗೆ ತಿರುಗಿಸಿ ಇಡುತ್ತಿದ್ದಳು. ಊರಿಗೆಲ್ಲ ಸೇರಿದ ಕುರ್ಚಿಯನ್ನು ತಾನೊಬ್ಬಳೇ ಕದ್ದುಕೊಂಡಿದ್ದೇನೆ ಎಂಬ ಅಳುಕು ಅವಳಿಗೆ ಯಾವಾಗಲೂ ಇತ್ತು.

ತಂಗಿ ಹೋದ ಹತ್ತನೆಯ ವರ್ಷ ಗಿರಣಿಯ ಒಂದೊಂದೇ ಯಂತ್ರ ನಿಲ್ಲತೊಡಗಿತು. ಮೊದಲು ಬಣ್ಣ ಹಾಕುವ ಮನೆ, ಆಮೇಲೆ ಅರ್ಧ ನೇಯ್ಗೆ. ಯಾರನ್ನು ಉಳಿಸಿಕೊಳ್ಳುತ್ತಾರೆ, ಯಾರನ್ನು ಕಳಿಸುತ್ತಾರೆ ಎಂದು ತಿಳಿಯದೆ ಜನ ಬಾಯಿಗೆ ಬಂದದ್ದು ಆಡಿದರು. ಕೆಲವರು ಸಾಮಾನು ಕಟ್ಟಿಕೊಂಡು ಬೇರೆ ಊರಿಗೆ ಹೊರಟರು. ಒಂದು ಶುಕ್ರವಾರ ಗೇಟಿಗೆ ಕಾಗದ ಅಂಟಿತು: ತಿಂಗಳ ಕೊನೆಗೆ ಗಿರಣಿ ಮುಚ್ಚುತ್ತದೆ, ಮನೆಗಳನ್ನು ಖಾಲಿ ಮಾಡಬೇಕು, ಮೂರೂ ಸಾಲುಗಳನ್ನು ಕೆಡವುತ್ತಾರೆ.

ಹೆಂಗಸರು ಗೇಟಿನ ಮುಂದೆ ಅತ್ತರು. ಮಡಿಕೆಯಕ್ಕನಿಗೆ ಕೆಲಸದ ಚಿಂತೆ ಆಮೇಲೆ ಬಂತು. ಮೊದಲು ಬಂದದ್ದು ಇದು: ಹತ್ತನೆಯ ಲಕೋಟೆ ಇನ್ನೂ ಬಂದಿಲ್ಲ. ಅದು ಬರುವುದು ಮುಂದಿನ ತಿಂಗಳು. ತಂಗಿಗೆ ಗೊತ್ತಿರುವುದು ನೀಲಿ ಬಾಗಿಲು ಒಂದೇ. ಅದು ಬಿದ್ದರೆ ಲಕೋಟೆ ಹಿಂದಕ್ಕೂ ಹೋಗಲಾರದು, ಕಳಿಸಿದವರ ವಿಳಾಸವೇ ಇಲ್ಲ. ನಾನು ಬದುಕಿದ್ದೇನೋ ಇಲ್ಲವೋ ಅವಳಿಗೆ ತಿಳಿಯುವುದಿಲ್ಲ, ಅವಳದು ನನಗೆ ತಿಳಿಯುವುದಿಲ್ಲ. ಕೂದಲೆಳೆಯಷ್ಟು ಉಳಿದಿದ್ದ ನಂಟು, ಅದೂ ಹರಿಯುತ್ತದೆ.

ಶನಿವಾರ ಮಧ್ಯಾಹ್ನವೇ ಗೋದಾಮಿಗೆ ಹೋದಳು. ಇಪ್ಪತ್ತಮೂರು ಕುರ್ಚಿ ಹಾಕಿ, ಇಲ್ಲದವರದೊಂದು ಹಾಕಿದಳು. ಹೊರಟವಳಿಗೆ ಮನಸ್ಸು ತಡೆಯಲಿಲ್ಲ. ಎಲ್ಲರ ಕುರ್ಚಿ ಎಲ್ಲರಿಗಿರಲಿ ಎಂದು ತಿರುಗಿ ಬಂದು, ತಂಗಿಗೆಂದೇ ಇನ್ನೊಂದು ತಂದು ಬಾಗಿಲ ಕಡೆಗೆ ತಿರುಗಿಸಿ ಇಟ್ಟಳು. ಯಾರೂ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಗೋದಾಮಿನಲ್ಲಿ ಕಾಲಿಡಲು ಜಾಗವಿಲ್ಲ. ಮೂಲೆಯಲ್ಲಿ ಪೇರಿಸಿಟ್ಟ ಕುರ್ಚಿಗಳೆಲ್ಲ ಬಿಡಿಸಿಕೊಂಡು ನಿಂತಿದ್ದವು. ಕಿಟಕಿಯ ಕೆಳಗೆ ನಾಲ್ಕು, ಕಂಬದ ಹಿಂದೆ ಮೂರು, ಹಾರ್ಮೋನಿಯಂ ಪೆಟ್ಟಿಗೆಗೆ ಒರಗಿ ಎರಡು. ಬೀಗವಿಲ್ಲದ ಬಾಗಿಲಲ್ಲವೇ, ರಾತ್ರಿ ಒಬ್ಬೊಬ್ಬರಾಗಿ ಬಂದು, ತಮ್ಮವರಿಗೆಂದು ಒಂದೊಂದು ಹಾಕಿ ಹೋಗಿದ್ದರು. ಈಗ ಒಬ್ಬರೂ ಕೂರುತ್ತಿಲ್ಲ. ಎಲ್ಲರೂ ಗೋಡೆಗೆ ಅಂಟಿ ನಿಂತಿದ್ದಾರೆ. ಯಾವುದು ತಮ್ಮದು, ಯಾವುದು ಇಲ್ಲದವರದು ಎಂದು ಯಾರಿಗೂ ತಿಳಿಯದು. ಇನ್ನೊಬ್ಬರ ಸತ್ತವರ ಮೇಲೆ ಕೂತುಬಿಟ್ಟರೆ ಎಂದು ಹೆದರಿಕೆ.

ಲೆಕ್ಕದ ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಎಣಿಸಿದರು. "ಕುರ್ಚಿ ನಲವತ್ತೇಳು. ಜನ ಇಪ್ಪತ್ತಮೂರು. ನಿಂತವರು ಇಪ್ಪತ್ತಮೂರು. ಮೂವತ್ತೈದು ವರ್ಷ ಪಾಠ ಮಾಡಿದೀನಿ, ಇಂಥಾ ಲೆಕ್ಕ ನೋಡಿಲ್ಲ."

"ಅದರಲ್ಲಿ ನಿಮ್ಮದೆಷ್ಟು ಮೇಷ್ಟ್ರೇ?" ಎಂದಳು ಬೇಕರಿಯಮ್ಮ. ಎದುರು ಬೀದಿಯ ಬೇಕರಿ ಅವಳದು, ಬಾಯಿ ಸ್ವಲ್ಪ ಜೋರು.

"ಒಂದೇ. ಕಂಬದ ಹಿಂದಿನದು. ನಮ್ಮ ಮನೆಯವಳು ಯಾವಾಗ್ಲೂ ಕಂಬದ ಹಿಂದೇನೇ ಕೂರೋಳು, ತೂಕಡಿಸೋಕೆ."

ಮೊದಲು ಯಾರು ನಕ್ಕರೋ ತಿಳಿಯದು. ನಗು ಗೋಡೆಯಿಂದ ಗೋಡೆಗೆ ಹೋಯಿತು. ಪಾಸ್ಟರಮ್ಮ ಕಣ್ಣೊರೆಸಿಕೊಂಡು, "ಇವತ್ತು ಬೋಧನೆ ಬೇಡ. ಯಾರು ಯಾರಿಗೆ ಕುರ್ಚಿ ಹಾಕಿದ್ದೀರೋ ಹೇಳಿಬಿಟ್ಟು, ಅದರ ಪಕ್ಕದಲ್ಲಿ ಕೂತ್ಕೊಳ್ಳಿ" ಎಂದಳು.

ಬೇಕರಿಯಮ್ಮ ಕೆಲಸ ಹುಡುಕಿ ಹೋದ ಅಳಿಯನಿಗೆ ಹಾಕಿದ್ದಳು. "ಬೈಯೋಕೆ ಯಾರೂ ಇಲ್ದೆ ಬಾಯಿ ತುಕ್ಕು ಹಿಡೀತಿದೆ" ಎಂದು ಹೇಳಿ ಅತ್ತುಬಿಟ್ಟಳು. ಮಗುವಿನ ಇಬ್ಬರು ಅಪ್ಪಂದಿರಲ್ಲಿ ಒಬ್ಬ, "ನಮ್ಮಮ್ಮನಿಗೆ. ಬದುಕಿದ್ದಾಳೆ. ಮೊಮ್ಮಗಳನ್ನ ನೋಡಿಲ್ಲ" ಎಂದು ಅಷ್ಟಕ್ಕೇ ನಿಲ್ಲಿಸಿದ. ಮಡಿಕೆಯಕ್ಕ ಆ ಮಾತು ಕೇಳಿ ನೆಲ ನೋಡಿದಳು. ಅವನ ತಾಯಿಯ ಜಾಗದಲ್ಲಿ ತಾನೇ ನಿಂತಿದ್ದಳು.

ಅವಳ ಸರದಿ ಬಂತು. ಕೈಯಲ್ಲಿದ್ದ ಹಾಡಿನ ಹಾಳೆ ಎಂಟು ಮಡಿಕೆಯಾಗಿ, ಇನ್ನು ಮಡಿಸಲು ಬಾರದಷ್ಟು ಸಣ್ಣದಾಗಿತ್ತು.

"ಬಾಗಿಲ ಹತ್ರದ್ದು ನನ್ನ ತಂಗಿಗೆ" ಎಂದಳು. "ಇವರಿಬ್ಬರ ಹಾಗೇನೇ ಅವಳೂ. ನಾನೇ ಹೊಸ್ತಿಲು ತುಳೀಬೇಡ ಅಂದೆ. ಹತ್ತು ವರ್ಷ ಆಗ್ತಾ ಬಂತು. ವರ್ಷಕ್ಕೊಂದು ಬಟ್ಟೆ ತುಂಡು ಕಳಿಸ್ತಾಳೆ. ಎಲ್ಲಿಂದ ಅಂತ ಗೊತ್ತಿಲ್ಲ. ಈಗ ಮನೆ ಹೋಗತ್ತೆ."

ಅಮ್ಮನಿಗೆ ಕುರ್ಚಿ ಹಾಕಿದವನು ಎದ್ದು ಬಂದ. ಬೈಯುತ್ತಾನೆ, ಬೈಯಲಿ ಎಂದುಕೊಂಡಳು. ಅವನು ಮಗುವನ್ನು ಅವಳ ತೊಡೆಯ ಮೇಲೆ ಕೂರಿಸಿ, "ಸ್ವಲ್ಪ ಹಿಡ್ಕೊಳ್ಳಿ ಅಕ್ಕ, ಕೈ ನೋಯ್ತಿದೆ" ಎಂದು ಪಕ್ಕದಲ್ಲಿ ಕೂತ.

ಆಗ ಹಿಂದಿನಿಂದ ಯಾರೋ ಕೆಮ್ಮಿದರು. ಅಂಚೆಯಣ್ಣ. ಮೂರು ಸಾಲಿನ ಮನೆಗಳಿಗೂ ಹದಿನೆಂಟು ವರ್ಷದಿಂದ ಕಾಗದ ಹಂಚುವವನು. ಅವನ ಮುಖ ಕೆಂಪಾಗಿತ್ತು.

"ಅದು ರೈಲು ದಾರಿಯ ಕೊನೇ ಊರಿನ ಸೀಲು" ಎಂದ.

ಮಡಿಕೆಯಕ್ಕ ತಿರುಗಿದಳು.

"ಬೇರೆಯವರಿಗೆ ಮಸಿ ಕಾಣತ್ತೆ, ನಮಗೆ ಊರು ಕಾಣತ್ತೆ. ಒಂಬತ್ತೂ ಅಲ್ಲಿಂದಾನೇ ಬಂದದ್ದು."

"ಒಂಬತ್ತು ವರ್ಷ ನನ್ನ ಕೈಗೇ ಕೊಟ್ಟೆಯಲ್ಲೋ ಅಣ್ಣ, ಒಂದು ಮಾತು ಹೇಳಬಾರದಿತ್ತಾ?"

"ಕಾಗದ ಹಂಚೋನು ಕಾಗದದ ಮಾತು ಆಡಬಾರದಕ್ಕ. ಕೆಲಸಕ್ಕೆ ಸೇರಿದ ದಿನ ಅಪ್ಪ ಹೇಳಿದ್ದು ಅದೊಂದೇ. ನೀನು ಕೇಳಿದ್ದಿದ್ರೆ ಹೇಳ್ತಿದ್ದೆ. ನೀನು ಕೇಳಲಿಲ್ಲ. ನಿನ್ನ ಮುಖ ನೋಡಿ, ಸಾವಿನ ಸುದ್ದಿ ಇರಬೇಕು ಅಂದ್ಕೊಂಡು ನಾನೂ ಬೇಗ ಬೇಗ ಹೋಗಿಬಿಡ್ತಿದ್ದೆ."

ಅವಳು ಬಾಯಿ ಬಿಡಲಿಲ್ಲ, ಅವನು ಮಾತು ಮೀರಲಿಲ್ಲ. ಒಂದೇ ಗೋದಾಮಿನಲ್ಲಿ, ಎರಡು ಸಾಲು ಹಿಂದೆ ಮುಂದೆ ಕೂತು, ಇಬ್ಬರೂ ಒಂಬತ್ತು ವರ್ಷ ಹಾಡಿದ್ದರು.

"ವಿಳಾಸ ಬೇಕಲ್ಲ?" ಎಂದರು ಮೇಷ್ಟ್ರು.

"ಹೆಸರು, ಕಸುಬು, ಊರು ಬರೆದ್ರೆ ಸಾಕು. ಅದೇನು ದೊಡ್ಡ ಊರಲ್ಲ. ಅಲ್ಲಿಯ ಅಂಚೆಯವನಿಗೂ ಕಾಲಿದೆ."

"ಇವಳ ಹೊಸ ವಿಳಾಸ?" ಎಂದು ಇನ್ನಾರೋ ಕೇಳಿದರು. ಮಡಿಕೆಯಕ್ಕನಿಗೆ ಅದೇ ಗೊತ್ತಿರಲಿಲ್ಲ.

"ನಮ್ಮ ಬೇಕರಿಯ ಮೇಲಿನ ಕೋಣೆ" ಎಂದಳು ಬೇಕರಿಯಮ್ಮ. "ಹಿಟ್ಟಿನ ಮೂಟೆಗಳಿಗೆ ನಾನು ಹೇಳ್ತೀನಿ, ಜರುಗಿಕೊಳ್ತಾವೆ. ಬೇಸಿಗೇಲಿ ಸೆಕೆ ಅಂತ ಆಮೇಲೆ ನನ್ನ ಹತ್ರ ಗೊಣಗಬೇಡ."

ಪಾಸ್ಟರಮ್ಮ ಹಾಳೆ, ಪೆನ್ನು ತಂದು, "ನೀವು ಹೇಳಿ, ನಾನು ಬರೀತೀನಿ" ಎಂದಳು. ಮಡಿಕೆಯಕ್ಕ ತಲೆಯಾಡಿಸಿ ಪೆನ್ನನ್ನು ತನ್ನ ಕೈಗೇ ತೆಗೆದುಕೊಂಡಳು. ಆ ಮಾತನ್ನು ಆಡಿದ್ದು ತಾನು; ಇದನ್ನು ಬೇರೆಯವರ ಕೈಯಲ್ಲಿ ಆಡಿಸುವುದು ಸರಿಯಲ್ಲ. ಉಳಿದವರು ಮೆಲ್ಲಗೆ ಹಾಡಲು ಶುರು ಮಾಡಿದರು, ಅವಳು ಬರೆಯುತ್ತಿದ್ದಾಳೆ ಎಂದು ಕಾಣದವರ ಹಾಗೆ. ಮೂರು ಹಾಡು ಮುಗಿಯುವವರೆಗೆ ಅವಳು ಬರೆದಳು. ಒತ್ತಕ್ಷರ ಬಂದಲ್ಲೆಲ್ಲ ನಿಂತು ಮೇಷ್ಟ್ರ ಕಡೆ ನೋಡುವಳು, ಅವರು ಗಾಳಿಯಲ್ಲಿ ಬೆರಳಾಡಿಸಿ ತೋರಿಸುವರು.

ಮರುದಿನ ಕಾಗದವನ್ನು ಅಂಚೆಯಣ್ಣನಿಗೆ ಕೊಡಲಿಲ್ಲ. ಅದರ ಮರುದಿನವೂ ಇಲ್ಲ. ತಂಗಿ ಓದಿ ಹರಿದು ಹಾಕಿದರೆ? ತುಂಡು ಕಳಿಸುವುದನ್ನೂ ನಿಲ್ಲಿಸಿದರೆ? ಈಗ ಇರುವಷ್ಟಾದರೂ ಇರಲಿ ಎಂದು ಒಮ್ಮೆ, ಇರುವುದೂ ಹೋಗುತ್ತಿದೆಯಲ್ಲ ಎಂದು ಒಮ್ಮೆ. ಬುಧವಾರ ಅಂಚೆಯಣ್ಣ ನೀಲಿ ಬಾಗಿಲ ಮುಂದೆ ಸೈಕಲ್ ನಿಲ್ಲಿಸಿದ. ಹಂಚಲು ಏನೂ ಇರಲಿಲ್ಲ. ಸುಮ್ಮನೆ ಕೈ ಚಾಚಿದ. ಅವಳು ಹೊಸ್ತಿಲ ಆ ಸವೆದ ಕಡೆ ಕೂತಿದ್ದಳು, ತಂಗಿ ಕೂರುತ್ತಿದ್ದ ಹಾಗೆಯೇ, ದಾರಿ ಕಟ್ಟಿ. ಸೆರಗಿನೊಳಗಿನಿಂದ ಲಕೋಟೆ ತೆಗೆದು ಕೊಟ್ಟಳು. ಕೊಟ್ಟ ಮೇಲೆ ಕೈ ಖಾಲಿಯಾಯಿತು, ಮಡಿಸಲು ಏನೂ ಸಿಗಲಿಲ್ಲ.

ಕಾಗದದಲ್ಲಿ ಇದ್ದದ್ದು ಇಷ್ಟು:

"ತಂಗೀ, ಗಿರಣಿ ಮುಚ್ಚುತ್ತಿದೆ. ಮನೆ ಕೆಡವುತ್ತಾರೆ. ಇನ್ನು ಮೇಲೆ ನಾನು ಬೇಕರಿಯ ಮೇಲಿನ ಕೋಣೆಯಲ್ಲಿ. ಒಂಬತ್ತು ತುಂಡೂ ಇವೆ. ಆರನೆಯದು ಯಾರ ಅಂಗಿಯದು ಎಂದು ತಿಳಿಸು. ನಾನು ತುಳಿಯಬೇಡ ಎಂದ ಹೊಸ್ತಿಲು ಮುಂದಿನ ತಿಂಗಳು ಇರುವುದಿಲ್ಲ. ಹೊಸ ಮನೆಯ ಹೊಸ್ತಿಲಿಗೆ ನಾನು ಯಾವ ಮಾತನ್ನೂ ಆಡಿಲ್ಲ."