ನಮ್ಮವ್ವ ಕೇಳಿದ ಸ್ಕಾಟ್ಲೆಂಡಿನ ಕಥಿ

ಹಂಪಿ ಬಗಲಾಗ ಇಟ್ಕಂಡು ಸ್ಕಾಟ್ಲೆಂಡಿನ ಇತಿಹಾಸ ಓದಾಕಿ ನಾನು. ಕೂಡ್ಲಿಗ್ಯಾಗ ಇದಕ್ಕ ನನ್ನ ಆಡಿಕೊಳ್ಳದವ್ರು ಯಾರೂ ಇಲ್ಲ. ಶಾಲಿಯಾಗ ಜೊತಿ ಮೇಷ್ಟ್ರು, "ಏನ್ ಮೇಡಂ, ನಿಮಗ ಬ್ಯಾರೆ ರಾಜರು ಸಿಗಲಿಲ್ಲೇನ್ರಿ?" ಅಂತಾರ. ಸಿಗಲಿಲ್ಲ, ಏನ್ ಮಾಡ್ಲಿ! ಹೊಸಪೇಟಿ ಫುಟ್‌ಪಾತಿನಾಗ ಒಂದು ಹಳೇ ಪುಸ್ತಕ ಸಿಕ್ತು, ಓದಿದೆ, ಹುಚ್ಚು ಹತ್ತಿತು. ಈಗ ಕಪಾಟಿನ ಒಂದು ಸಾಲು ಪೂರ್ತಿ ಅದೇ ದೇಶ.

ಇಂಗ್ಲಿಷ್ ಬರದ ನಮ್ಮವ್ವಗೂ ಆ ಹುಚ್ಚು ಹತ್ತಿಸಿದ್ದು ನಾನೇ. ಸಂಜಿಮುಂದ ಆಕಿ ಶೇಂಗಾ ಸುಲೀತಿದ್ಲು, ನಾನು ಬಾಜೂಕ ಕುಂತು ಕನ್ನಡದಾಗ ಹೇಳ್ತಿದ್ದೆ. ಅಲ್ಲಿ ಗಂಡಸ್ರು ಲಂಗ ಉಡ್ತಾರ ಅಂದ್ರ "ಥೂ, ನಾಚಿಕಿಗೇಡಿಗಳು" ಅಂದ್ಲು. ಹಗಲು ಹೊದ್ದಿದ್ದನ್ನೇ ರಾತ್ರಿ ಸುತ್ಕಂಡು ಮಲಗ್ತಿದ್ರು ಅಂದ್ರ, "ಕಂಬಳಿ ಅನ್ನು ಮತ್ತ" ಅಂತ ಸಮಾಧಾನ ಆದ್ಲು. ಒಂದೊಂದು ಕುಲಕ್ಕ ಒಬ್ಬ ಹಿರಿಯ, ಕುಲಕುಲದ ನಡುವ ಹಗಿ, ಒಬ್ರ ದನ ಒಬ್ರು ಹೊಡ್ಕಂಡು ಹೋಗೋದು, ಇವೆಲ್ಲ ಆಕಿಗೆ ಹೊಸವು ಅನ್ನಿಸಲಿಲ್ಲ.

ಗ್ಲೆನ್‌ಕೋ ಕಣಿವಿ ಕಥಿ ಹೇಳಿದ ದಿನ ಮಾತ್ರ ಆಕಿ ಸುಲಿಯೋದು ನಿಲ್ಲಿಸಿದ್ಲು. ಚಳಿಗಾಲ. ರಾಜನ ಕಡಿ ಸಿಪಾಯಿಗಳು ಆ ಕಣಿವಿ ಮಂದಿ ಮನಿಗಳಿಗೆ ಬಂದು ಇಳಕಂಡ್ರು. ಮನಿಯವ್ರು ಜಾಗ ಕೊಟ್ರು, ಉಣ್ಣಾಕ ಇಕ್ಕಿದ್ರು, ಜೊತಿಗೆ ಕುಂತು ಇಸ್ಪೀಟ್ ಆಡಿದ್ರು. ಒಂದೆರಡು ದಿನ ಅಲ್ಲ, ಹತ್ರಹತ್ರ ಎರಡು ವಾರ. ಆಮ್ಯಾಲ ಒಂದಿನ ಬೆಳಕು ಹರಿಯಾಕ ಮುಂಚೆ ಆ ಸಿಪಾಯಿಗಳು ಎದ್ದು, ಇಕ್ಕಿದವ್ರನ್ನೇ ಕೊಂದ್ರು. ತಪ್ಪಿಸ್ಕಂಡು ಓಡಿದವ್ರಾಗ ಎಷ್ಟೋ ಹೆಣ್ಮಕ್ಕಳು, ಹಸುಗೂಸುಗಳು ಹಿಮದಾಗ ಸತ್ರು.

"ಉಂಡ ಮನ್ಯಾಗ?" ಅಂದ್ಲು ಅವ್ವ. "ಅವ್ರ ಉಪ್ಪು ಉಂಡು?"

"ಹೂನವ್ವಾ. ನಂಬಿದವ್ರನ್ನ ಕೊಲ್ಲೋದಕ್ಕ ಆ ದೇಶದ ಕಾನೂನಿನಾಗ ಬ್ಯಾರೆ ಹೆಸರೇ ಇತ್ತು. ಬರೀ ಕೊಲಿಗಿಂತ ದೊಡ್ಡ ಅಪರಾಧ ಅದು."

"ಅಯ್ಯೋ ಶಿವನೇ! ನಮ್ಮ ಕಡಿ ಎಂಥಾ ಕೆಟ್ಟೋನಾದ್ರೂ ಹಂಗ ಮಾಡಲ್ಲ ಬಿಡು. ಯಾರ ಮ್ಯಾಲ ನಾಳೆ ನಾಲ್ಕು ಮಂದಿ ಮುಂದ ಮಾತಾಡೋದು ಐತೋ, ಇವತ್ತು ಅವ್ರ ಮನ್ಯಾಗ ನೀರು ಸೈತ ಮುಟ್ಟಲ್ಲ. ಉಂಡ್ರ ಮುಗೀತು, ಬಾಯಿ ಕಟ್ಟಿದಂಗ."

ಆ ಮಾತು ಖರೆ. ನಮ್ಮಪ್ಪ ಬದುಕಿದ್ದಾಗ, ಬದುವಿನ ಜಗಳ ಮುಗಿದಿಲ್ಲ ಅಂತ, ಬಾಜೂ ಹೊಲದವ್ರ ಮದುವಿಗೆ ಹೋಗಿ, ಅಕ್ಕಿಕಾಳು ಹಾಕಿ, ಉಣ್ಣದ ಬಂದಿದ್ದ.

ಅವ್ವನ ತವರು ಹಿರೇಹಡಗಲಿ. ನಮ್ಮಜ್ಜ ಸಾಯೋ ಮುಂದ "ಹಳ್ಳದ ದಂಡಿ ಹೊಲ ಮಗಳಿಗೆ" ಅಂತ ಬಾಯಿಮಾತಿನಾಗ ಹೇಳಿದ್ದ. ಕೇಳಿಸ್ಕಂಡಾತ, ಬಂದು ಅವ್ವಗ ಹೇಳಿದಾತ, ನಮ್ಮ ಸೋದರಮಾವ ಒಬ್ನೇ. ಎಷ್ಟೋ ವರ್ಷ ಆತನೇ ಬಿತ್ತಿ, ಅಕ್ಕನ ಪಾಲಿನ ಜ್ವಾಳ ತಂದು ಹಾಕ್ತಿದ್ದ. ಗಾಳಿಯಂತ್ರದ ಕಂಪನಿಯವ್ರು ಬಂದು ಒಳ್ಳೇ ರೊಕ್ಕಕ್ಕ ಆ ಹೊಲ ಕೇಳಿದ್ದೇ ತಡ, "ಅಪ್ಪ ಹಂಗ ಅಂದೇ ಇಲ್ಲ" ಅನ್ನಾಕ ಶುರು ಮಾಡಿದ. ಕೋರ್ಟಿಗೆ ಹೋಗು ಅಂತ ನಾನು ಬಡಕಂಡೆ. ಒಡಹುಟ್ಟಿದ ತಮ್ಮನ್ನ ಕಟಕಟಿ ಹತ್ತಿಸಲ್ಲ ಅಂದ ಅವ್ವ, ತವರೂರ ಹಿರೇರನ್ನ ಕೂಡಿಸಿದ್ಲು.

ಹಿರೇರು ಕೂಡೋ ಹಿಂದಿನ ದಿನ ಮಧ್ಯಾಹ್ನ ಮಾವ ನಮ್ಮ ಮನಿಗೆ ಬಂದ. ಅವ್ವ ತಂಬಿಗಿ ನೀರು ಕೊಟ್ಲು. ಮಾವ ಅದನ್ನ ಇಸ್ಕಳಲಿಲ್ಲ. ಬಾಗಲಾಗೇ ನಿಂತು, "ಅಕ್ಕಾ, ನಾಳೆ ನೀನು ಬರಬ್ಯಾಡ. ಬಂದ್ರ ನಾನು ಆಡಬಾರದ್ದು ಆಡಬೇಕಾಗ್ತೈತಿ" ಅಂದ.

ನನಗ ಮೈಯೆಲ್ಲಾ ಉರೀತು. "ಯಾಕ ಮಾವ, ನೀರು ಯಾಕ ಬ್ಯಾಡ? ಗಂಟಲು ಒಣಗಿದ್ರೇನೇ ಸುಳ್ಳು ಬರತಾವೇನು?" ಅಂದುಬಿಟ್ಟೆ.

"ಏಯ್, ಬಾಯಿ ಮುಚ್ಚು" ಅಂತ ಅವ್ವ ನನಗ ಗದರಿಸಿದ್ಲು. ಆಮ್ಯಾಲ ಮಾವನ ಕಡಿ ತಿರುಗಿ, "ಆತಪ್ಪಾ. ನಾ ಬರಲ್ಲ. ಹೊಲ ನೀನೇ ಇಟ್ಕ. ಈಗ ಕೈಕಾಲು ತೊಳ್ಕಂಡು ಉಣ್ಣು" ಅಂದ್ಲು.

ಮಾವ ಅಕ್ಕನ ಮಖಾನೇ ನೋಡಿದ, ಕಣ್ಣಾಗ ನೀರು ತಂದ್ಕಂಡ, ಕೈ ತೊಳೆದು ಕುಂತ. ರೊಟ್ಟಿ, ಬದನಿಕಾಯಿ ಪಲ್ಯ, ಗಟ್ಟಿ ಮೊಸರು. ಮಾವ ಬ್ಯಾಡಂದ್ರೂ ಬಿಡದ ಅವ್ವ ತುಪ್ಪ ಹಾಕಿದ್ಲು. ಇಬ್ರೂ ತಮ್ಮ ಸಣ್ಣಾಗಿನ ಸುದ್ದಿ ತಗದು ನಕ್ರು. ಉಂಡು, ಅಕ್ಕನ ಕಾಲು ಮುಟ್ಟಿ ಹೋದ.

"ಬಿಟ್ಟುಕೊಟ್ಟೆಲ್ಲಬೇ ಹೊಲಾನ! ತಲಿ ನೆಟ್ಟಗೈತೇನು ನಿಂಗ?" ಅಂತ ನಾನು ಕೂಗಾಡಿದೆ. ಅವ್ವ ಮಾವ ಉಂಡ ಜಾಗ ಒರಸಿಕೋತ, "ಬೆಳಗ್ಗೆ ಮೊದಲ ಬಸ್ಸಿಗೆ ಹೋಗೋದೈತಿ, ತಯಾರಾಗು" ಅಂದ್ಲು.

"ಎಲ್ಲಿಗೆ?"

"ಎಲ್ಲಿಗಂದ್ರ? ಹಿರೇಹಡಗಲಿಗೆ. ಈಗ ನನ್ನ ಉಪ್ಪು ಉಂಡಾನ. ಹೇಳ್ಲಿ ನೋಡಾಣ ಸುಳ್ಳು."

ಆ ಸಿಪಾಯಿಗಳಿಗೆ ಅಯ್ಯೋ ಶಿವನೇ ಅಂದಾಕಿ ಈಕಿನೇ ಏನು? ಅಷ್ಟು ವರ್ಷ ಕೂಡಿ ಬಾಳಿದ ಅವ್ವ ನನಗ ಆವತ್ತು ಯಾರೋ ಅನ್ನಿಸಿದ್ಲು.

ಮರುದಿನ ಹಿರೇರ ನಡುವ ಕುಂತಿದ್ದ ಮಾವ ನಮ್ಮನ್ನ ಕಂಡು ಬಿಳಿಚಿಕೊಂಡ. "ನಿಮ್ಮಪ್ಪ ಏನಂದಿದ್ದ, ಹೇಳಪ್ಪಾ" ಅಂದ್ರು ಹಿರೇರು. ಮಾವ ಬಾಯಿ ತೆಗೀತಾನ, ಮುಚ್ಚತಾನ. ನನಗ ಅಲ್ಲಿಂದ ಎದ್ದು ಓಡಬೇಕು ಅನ್ನಿಸ್ತು. ಕಡೀಗೆ ನೆಲ ನೋಡ್ಕೋತ, "ಹಳ್ಳದ ದಂಡಿ ಹೊಲ ಅಕ್ಕಂದು. ಅಪ್ಪ ಹಂಗೇ ಅಂದಿದ್ದ" ಅಂದ. ನ್ಯಾಯ ಮುಗೀತು.

ಹೊರಗ ಬಂದ ಮ್ಯಾಲ ಮಾವ ಅವ್ವನ ಹತ್ರ ಬಂದ. "ನಾನು ನೀರೂ ಮುಟ್ಟದ ನಿಂತಿದ್ದೆ ಅಕ್ಕಾ. ನೀನೇ ಕುಂದ್ರಿಸಿ ಉಣಿಸಿದಿ" ಅಂದ. ಮನಿಗೆ ಬಾ ಅನ್ನಲಿಲ್ಲ, ಹೊಂಟುಹೋದ.

ನಮ್ಮ ಬಸ್ಸು ಕೂಡ್ಲಿಗಿ ದಾರಿ ಹಿಡೀತು. ಆಮ್ಯಾಲ ಅವ್ವ ಕೇಳಿದ್ಲು. "ನಿನ್ನ ಪುಸ್ತಕದಾಗ ಉಂಡು ಮೋಸ ಮಾಡಿದವ್ರು ಅದಾರಲ್ಲ, ಉಣಿಸಿ ಮೋಸ ಮಾಡಿದವ್ರೂ ಅದಾರೇನು?"

ಅದಾರ. ಎಡಿನ್‌ಬರೋ ಕೋಟಿಯೊಳಗ ರಾಜನ ಕಡಿಯವ್ರು ಎಳೇ ವಯಸ್ಸಿನ ಅಣ್ಣತಮ್ಮರನ್ನ ಊಟಕ್ಕ ಕರದು, ಆಮ್ಯಾಲ ತಲಿ ತಗದ ಕಥಿ ಅದೇ ಪುಸ್ತಕದಾಗ ಐತಿ. ಅದನ್ನ ನಾನು ಆಕಿಗೆ ಹೇಳಿರಲಿಲ್ಲ. ಆ ಹೊತ್ತಿನಾಗ ಹೆಂಗ ಹೇಳ್ಲಿ?

"ಇಲ್ಲವ್ವಾ, ಅಂಥವ್ರು ಯಾರೂ ಇಲ್ಲ" ಅಂದೆ.

ಅವ್ವ ಸೆರಗು ಎಳ್ಕಂಡು ಕಿಟಕಿ ಕಡಿ ತಿರುಗಿದ್ಲು.

"ಹಂಗಾರ ನಾನೇ ಮೊದಲ್ನೇಕಿ" ಅಂದ್ಲು.