ಮೊದಲ ಮುಡಿ

ಮಂಡ್ಯದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ, ಕಿಟಕಿಯಿಂದ ಎರಡನೆಯ ಮಂಚದ ತಲೆಯ ಕಡೆ ನಾನು ನಿಂತಿದ್ದೆ. ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಆರು ವರ್ಷವಾಯಿತು. ಬಾಗಿಲ ಮೇಲಿದ್ದ ಗಡಿಯಾರವನ್ನು ಆ ಹೊತ್ತಿನಲ್ಲಿ ಎಷ್ಟು ಸಲ ನೋಡಿದ್ದೆನೆಂದರೆ, ಸಮಯದ ಬಗ್ಗೆ ನನಗೆ ಅನುಮಾನವಿಲ್ಲ.

ಮಂಚದ ಮೇಲಿದ್ದದ್ದು ಅಕ್ಕನ ಮಗಳು. ಒಂದೂವರೆ ವರ್ಷ. ಮಿದುಳು ಜ್ವರ ಎಂದಿದ್ದರು. ಮಳವಳ್ಳಿ ಕಡೆಯ ಅಕ್ಕನ ಊರಿನಿಂದ ಭಾನುವಾರ ಕರೆತಂದ ಮೇಲೆ ಮೂರು ಸಲ ಫಿಟ್ಸ್ ಬಂದಿತ್ತು.

ಈ ಮಗುವಿಗೆ ಮೊದಲು ಅಕ್ಕನಿಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ಉಳಿದರೆ ಮೊದಲ ಮುಡಿ ನಿನ್ನದೇ ಎಂದು ತವರಿನ, ನಮ್ಮೂರ ಅಮ್ಮನಿಗೆ ಹರಕೆ ಹೊತ್ತಿದ್ದಳು. ಹರಕೆಯ ಕೂದಲಿಗೆ ಗುಡಿಯ ಮುಂದಲ್ಲದೆ ಬೇರೆಲ್ಲೂ ಕತ್ತರಿ ತಾಗುವಂತಿಲ್ಲ. ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಮೂರು ತುಂಬಿದ ಮೇಲೆ ಎಂದು ನಿಶ್ಚಯವಾಗಿತ್ತು. ಕೂದಲು ಕತ್ತಿನವರೆಗೆ ಇಳಿದಿತ್ತು. ಅಕ್ಕ ಅದನ್ನು ಕೆಂಪು ದಾರದಲ್ಲಿ ಕಟ್ಟಿದ್ದಳು.

ಹತ್ತು ಗಂಟೆಗೆ ಅಕ್ಕ ಒಗೆದ ಸೀರೆ ಹಿಡಿದುಕೊಂಡು ಕೆಳಗೆ ಹೊರಟಳು.

"ನಲ್ಲೀಲಿ ಮೈ ತೊಳ್ಕೊಂಡು ಬತ್ತೀನಿ. ಮೈಲ್ಗೇಲಿ ಅಮ್ಮನ ಕುಂಕುಮ ಮುಟ್ಟಂಗಿಲ್ಲ. ಕೂದ್ಲಿಗೆ ಮಾತ್ರ ಯಾರ ಕೈಯೂ ಹಾಕ್ಸಬ್ಯಾಡ ಕಣ್ಲಾ."

"ಆಯ್ತು ಓಗಕ್ಕ."

"ಬಸ್ಸಲ್ಲಿ ಸೀಟು ಇಡ್ಕ ಅಂದ್ರೆ ಅಂದಂಗೆ ಆಯ್ತು ಅನ್ನಬ್ಯಾಡ. ಅದು ಅಮ್ಮನ ಸೊತ್ತು. ಅದ್ನ ಬೇರೇರು ತಗುದ್ರೆ ಮಗೀನ ಅವ್ಳೇ ತನ್ ತಾವ ಮಡಿಕತ್ತಾಳೆ."

ಅವಳು ಮೆಟ್ಟಿಲಿಳಿದ ಸ್ವಲ್ಪ ಹೊತ್ತಿಗೆ ನಾಲ್ಕನೆಯ ಫಿಟ್ಸ್ ಬಂತು. ಕೈಗೆ ಹಾಕಿದ್ದ ಡ್ರಿಪ್ಪಿನ ಜಾಗ ಆಗಲೇ ಊದಿತ್ತು, ಔಷಧಿ ಒಳಗೆ ಹೋಗುತ್ತಿರಲಿಲ್ಲ. ನರ್ಸ್ ಇನ್ನೊಂದು ಕೈ ನೋಡಿದರು, ಎರಡು ಪಾದ ನೋಡಿದರು. ನರ ಸಿಗಲಿಲ್ಲ. ಡಾಕ್ಟರು, "ತಲೇಲಿ ಹಾಕಿ, ಬೇಗ" ಎಂದರು.

ನರ್ಸ್ ಬ್ಲೇಡು ತೆಗೆದುಕೊಂಡವರು ಕೆಂಪು ದಾರ ಕಂಡು ನಿಂತರು.

"ಹರಕೆ ಕೂದ್ಲಾ?"

"ಹೂಂ."

"ನೀವೇನಾಗ್ಬೇಕು ಮಗೂಗೆ?"

"ಸೋದರಮಾವ."

"ನಂದು ಮದ್ದೂರು. ನಂಗೂ ಗೊತ್ತು ಇದೆಲ್ಲ. ತಾಯಿ ಬರೋಗಂಟ ಕಾಯಕ್ಕಾಗಲ್ಲ. ಮಾವನ ತೊಡೆ ಐತಲ್ಲ, ಕೂತ್ಕಳಿ. ಅಷ್ಟಾದ್ರೂ ಸರಿಯಾಗ್ಲಿ."

ನಾನು ಕೂತೆ. ಮಗುವಿನ ಮೈ ನನ್ನ ತೊಡೆಯ ಮೇಲೆ ಅದುರುತ್ತಿತ್ತು. ಎಡಗಿವಿಯ ಮೇಲೆ ಮೂರು ಬೆರಳಗಲ ಬೋಳಿಸಿದರು. ಕೂದಲು ಒಂದು ಹತ್ತಿಯ ತುಂಡಿನ ಮೇಲೆ ಬಿತ್ತು. ಸೂಜಿ ಮೊದಲ ಸಲಕ್ಕೇ ಒಳಗೆ ಹೋಯಿತು. ಔಷಧಿ ಇಳಿದ ಮೇಲೆ ಅದುರುವುದು ನಿಂತಿತು.

ನರ್ಸ್ ಹತ್ತಿಯನ್ನು ಮಡಚಿ, "ಕೂದ್ಲು ಬೇಕಾ?" ಎಂದು ಕೇಳಿದರು.

ಪಕ್ಕದ ಮಂಚದಲ್ಲಿ ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ, "ಈಸ್ಕಳಪ್ಪ, ತಾಯಿ ಕೇಳ್ತಾಳೆ" ಎಂದರು.

ನಾನು "ಬ್ಯಾಡ" ಅಂದೆ.

ಯಾಕೆ ಅಂದೆನೋ ನನಗೆ ಪೂರ್ತಿ ತಿಳಿಯದು. ಅಕ್ಕ ಬಂದು ಆ ಗಂಟನ್ನು ಕಾಣಬಾರದು ಎನ್ನಿಸಿತ್ತು. ಅದು ಕಸದ ಹಳದಿ ಚೀಲಕ್ಕೆ ಬಿತ್ತು. ಬೀಳುವುದನ್ನು ನೋಡಿದೆ, ಕೈ ಚಾಚಿದ್ದರೆ ಸಿಗುತ್ತಿತ್ತು.

ಅಕ್ಕ ಒದ್ದೆ ತಲೆಯಲ್ಲಿ, ಕುಂಕುಮದ ಪೊಟ್ಟಣ ಹಿಡಿದು ಬಂದಳು. ಮಗುವಿನ ತಲೆಯ ಮೇಲೆ ಸೂಜಿಗೆ ಅಂಟಿಸಿದ್ದ ಪ್ಲಾಸ್ಟರ್ ನೋಡಿದಳು. ಬಯ್ಯಲಿಲ್ಲ.

"ತಗುದ್ರಾ?"

"ಫಿಟ್ಸ್ ಬಂತು ಕಣಕ್ಕ."

"ಕೂದ್ಲೆಲ್ಲಿ?"

"ನನ್ ತಾವ ಐತೆ. ಎತ್ತಿಟ್ಟಿವ್ನಿ."

ಅವಳು ಉಸಿರು ಬಿಟ್ಟಳು. "ಅಂಗಾರೆ ಸರಿ ಬುಡು. ಮಿಕ್ಕಿದ್ರ ಜೊತೇಲಿ ಅವ್ಳಿಗೆ ಸೇರ್ಸುಬುಡಾನ" ಎಂದು ಮಗುವಿನ ಹಣೆಗೆ ಕುಂಕುಮ ಇಟ್ಟಳು. ಪಕ್ಕದ ಅಜ್ಜಿ ನನ್ನನ್ನೊಮ್ಮೆ ನೋಡಿ ಮುಖ ತಿರುಗಿಸಿದರು.

ಐದನೆಯ ದಿನ ಮಗು ಕಣ್ಣು ಬಿಟ್ಟಿತು. ಹತ್ತೊಂಬತ್ತನೆಯ ದಿನ ಮನೆಗೆ ಕಳಿಸಿದರು. ಎಡಗೈ ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಅದು ಕಾಯಿಲೆ ಬಿಟ್ಟು ಹೋದ ಗುರುತು ಎಂದರು ಡಾಕ್ಟರು. ಅಕ್ಕ ದಿನಾ ಎಣ್ಣೆ ಹಚ್ಚಿ ಒಂದೊಂದೇ ಬೆರಳು ಬಿಡಿಸುತ್ತಿದ್ದಳು. "ಅಮ್ಮನ್ನ ಕೇಳ್ಕಬಾರ್ದಾ" ಎಂದು ಯಾರೋ ಅಂದಾಗ, "ಜೀವಾನೇ ಕೊಟ್ಟವ್ಳೆ. ಬೆಳ್ಳು ಕೇಳಕ್ಕೆ ನಾಚ್ಕೆ ಆಯ್ತದೆ" ಅಂದಳು. ನಾನು ಅಲ್ಲೇ ಕೂತಿದ್ದೆ.

ಮೂರು ತುಂಬಿದ ಮೇಲೆ ಗುಡಿಗೆ ಹೋದೆವು. ಮಗು ನನ್ನ ತೊಡೆಯ ಮೇಲೆ, ಇಷ್ಟಗಲ ನಗುತ್ತಾ. ಭಾವ ಹಣ್ಣುಕಾಯಿಗೆ ಹೋಗಿದ್ದರು. ಅಕ್ಕ ಅರಿಸಿನದ ಬಟ್ಟೆ ಬಿಚ್ಚಿ ಹಿಡಿದಳು.

"ತತ್ತಾ, ಅವತ್ತಿನ ಕೂದ್ಲ."

ಹಿಂದಿನ ದಿನವೆಲ್ಲ ಯೋಚಿಸಿದ್ದೆ. ನನ್ನ ಮಗಳ ಕೂದಲನ್ನೇ ಒಂದಿಷ್ಟು ಕತ್ತರಿಸಿ ತರೋಣ ಎಂದು ಕತ್ತರಿಯನ್ನೂ ಹಿಡಿದಿದ್ದೆ. ಅಷ್ಟು ಮಾಡಲಾಗಲಿಲ್ಲ.

"ಇಲ್ಲ ಕಣಕ್ಕ. ಅವತ್ತೇ ಎಸುದ್ರು. ಬೇಕಾ ಅಂತ ಕೇಳುದ್ರು. ನಾನೇ ಬ್ಯಾಡ ಅಂದೆ."

ಅವಳ ಕೈಯಲ್ಲಿ ಬಟ್ಟೆ ಹಾಗೇ ಇತ್ತು. ಅವಳು ನನ್ನನ್ನಲ್ಲ, ಮಗುವಿನ ಎಡಗೈಯನ್ನು ನೋಡಿದಳು. ಅಷ್ಟರಲ್ಲಿ ಪೂಜಾರಿ ಬಾಗಿಲಿಗೆ ಬಂದು, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು: "ಮೊದಲ್ನೇ ಮುಡಿ ತಾನೇ ಕಣವ್ವಾ? ಇದ್ಕೂ ಮುಂಚೆ ಎಲ್ಲೂ ಕತ್ತರಿ ಆಡಿಲ್ವಲ್ಲ?"

ಸತ್ಯ ಹೇಳಿದರೆ ಯಾರು ತೆಗೆಸಿದ್ದು, ಕೂದಲೇನಾಯಿತು ಎಂದು ಅಮ್ಮನ ಮುಂದೆ ಕೇಳುತ್ತಾರೆ. ತಪ್ಪುಕಾಣಿಕೆ ಕಟ್ಟಬೇಕಾದವನು ನಾನು. ಅಕ್ಕ ಒಳಗಿನ ದೀಪದ ಕಡೆ ತಿರುಗಿದಳು.

"ಇಲ್ಲ ಅಯ್ನೋರೆ. ಇದೇ ಮೊದ್ಲು."

ನನ್ನ ಅಕ್ಕ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬಸ್ಸಿಗೆ ನಡೆಯುವಾಗ, ಮಗುವಿನ ಬೋಳು ತಲೆಗೆ ಸೆರಗು ಹೊದಿಸುತ್ತಾ ಅಂದಳು: "ಅಮ್ಮ ಕ್ವಾಪ ಮಾಡ್ಕಂಡ್ರೆ ನನ್ ಮ್ಯಾಲೆ ಮಾಡ್ಕಳ್ಳಿ. ನಿಂಗೂ ಮಗಳವ್ಳೆ."

ಅವಳ ನಂಬಿಕೆ ಹೋಗಲಿಲ್ಲ. ಹೋಗಿದ್ದರೆ ನನಗೆ ಇಷ್ಟು ಸಂಕಟವಿರುತ್ತಿರಲಿಲ್ಲ. ಮಂಗಳವಾರ ಈಗಲೂ ಗುಡಿಗೆ ಬರುತ್ತಾಳೆ. ಸುಳ್ಳಾಡಿದ ಬಾಯಿ ಎಂದು ಹೊಸಿಲು ದಾಟುವುದಿಲ್ಲ. ಮಗಳ ಕೈಗೆ ಹೂವು ಕೊಟ್ಟು ನನ್ನ ಜೊತೆ ಒಳಗೆ ಕಳಿಸುತ್ತಾಳೆ. ಮಗು ಹೂವನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಅದಕ್ಕೆ ಆನಿಸುತ್ತದೆ.

ಪೂಜಾರಿ ತೀರಿಕೊಂಡು ಎರಡು ವರ್ಷವಾಯಿತು. ಆ ಕೂದಲು ಚೀಲಕ್ಕೆ ಬಿದ್ದದ್ದನ್ನು ವಾರ್ಡಿನಲ್ಲಿ ಕಂಡವರ ಪೈಕಿ ಆ ನರ್ಸ್ ಮದ್ದೂರಿನಲ್ಲಿದ್ದಾರೆ. ಪಕ್ಕದ ಮಂಚದ ಅಜ್ಜಿ ಭಾರತೀನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಮಗುವನ್ನು ವಿಚಾರಿಸುತ್ತಾರೆ, ಕೂದಲಿನ ಮಾತು ತೆಗೆಯುವುದಿಲ್ಲ. ನಾನಿದ್ದೇನೆ. ಅಕ್ಕ ಇದ್ದಾಳೆ, ಗುಡಿಯ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ.