ಒಂದು ಶಾಸನಕ್ಕೆ ಇಬ್ಬರು ಲೇಖಕರು

ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಿದ್ದ ಕಾಲ. ರಾಯಚೂರಿನಲ್ಲಿ ನಾನು ಮಾಸ್ತರಿಕೆಯ ಜೊತೆಗೆ ಒಂದು ಕನ್ನಡ ತ್ರೈಮಾಸಿಕದ ಸಹಾಯಕ ಸಂಪಾದಕನಾಗಿದ್ದೆ. ಶಾಸನ, ಇತಿಹಾಸಗಳ ಪತ್ರಿಕೆ. ಓದುವವರು ಬೆರಳೆಣಿಕೆಯಷ್ಟು, ಜಗಳಕ್ಕೆ ಬರುವವರು ಅದಕ್ಕಿಂತ ಹೆಚ್ಚು. ಸಂಪಾದಕರು ವಕೀಲರು, ಆದ್ದರಿಂದ ಎಲ್ಲಕ್ಕೂ ದಾಖಲೆ ಬೇಕು. ಬಂದ ಲೇಖನದ ಸಾರಾಂಶವನ್ನು ತಾರೀಖು ಹಾಕಿ ಒಂದು ವಹಿಯಲ್ಲಿ ಬರೆಯಬೇಕು, ಅನಂತರ ಲೇಖನವನ್ನು ತಿಳಿದವರೊಬ್ಬರ ಅಭಿಪ್ರಾಯಕ್ಕೆ ಕಳಿಸಬೇಕು. ಆ ವಹಿ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಅಚ್ಚುಕೂಟದಿಂದ ಬಂದ ಕರಡು ತಿದ್ದುತ್ತಿದ್ದೆ. ಲೇಖನ ನನ್ನ ಗುರುಗಳದು, ಆ ಗೌರವಕ್ಕೆ ನಾನೇ ಅದನ್ನು ಓದದೆ, ವಹಿಗೂ ಏರಿಸದೆ ನೇರ ಅಚ್ಚಿಗೆ ಕಳಿಸಿದ್ದೆ. ಹಳೆಯ ಲಿಪಿಯನ್ನು ಕೈಹಿಡಿದು ಕಲಿಸಿದವರು, ಈ ಪತ್ರಿಕೆಗೆ ಸೇರಿಸಿದವರೂ ಅವರೇ. ದೇವದುರ್ಗದ ಕಡೆಯ ಜಾಲಹಳ್ಳಿಯ ಆಚೆಯ ಊರೊಂದರಲ್ಲಿ ಹೆಣ್ಣುಮಗಳೊಬ್ಬಳು ಕೆರೆ ಕಟ್ಟಿಸಿದ ಶಾಸನದ ಬಗ್ಗೆ ಬರೆದಿದ್ದರು. ‘ಕಳೆದ ದೀಪಾವಳಿಯ ರಜೆಯಲ್ಲಿ ಕಲ್ಲಿನ ಮುಂದೆ ಕುಳಿತು ಸ್ವತಃ ಓದಿದೆ’ ಎಂಬ ಮಾತೂ ಇತ್ತು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಮುಂದಿನ ವಾದ ನನಗೆ ಮೊದಲೇ ಗೊತ್ತಾಗತೊಡಗಿತು. ವಹಿ ತೆಗೆದೆ. ಮೂರು ವರ್ಷದ ಹಿಂದಿನ ಹಾಳೆಯಲ್ಲಿ ನನ್ನದೇ ಅಕ್ಷರ: ಅದೇ ಕಲ್ಲು, ಅದೇ ವಾದ. ಬರೆದವರು ಮಾನ್ವಿಯ ಒಬ್ಬ ಮುಸ್ಲಿಂ ಮಾಸ್ತರರು. ಅಭಿಪ್ರಾಯಕ್ಕೆ ಹೋದದ್ದು ನನ್ನ ಗುರುಗಳ ಮನೆಗೆ. ‘ಪ್ರಕಟಣೆಗೆ ಯೋಗ್ಯವಲ್ಲ’ ಎಂದು ಅವರು ಬರೆದ ಮೇಲೆ ನಾವು ಹಿಂದಿರುಗಿಸಿದ್ದೆವು.

ಸಂಪಾದಕರು ಎರಡನ್ನೂ ನೋಡಿ ಕನ್ನಡಕ ತೆಗೆದಿಟ್ಟರು. “ಕಲ್ಲು ಒಂದ ಅದ, ಇಬ್ರೂ ಓದಿರಬಹುದು. ಸುಮ್ನ ಕಳ್ಳ ಅನಬ್ಯಾಡ್ರಿ. ಹೋಗಿ ಕಲ್ಲು ನೋಡಿ ಬರ್ರಿ. ಅಲ್ಲಿತನಕ ಅಚ್ಚು ನಿಲ್ಲಸ್ತೀನಿ.”

ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ದೇವದುರ್ಗ, ಅಲ್ಲಿಂದ ಚಕ್ಕಡಿ. ದಾರಿಯುದ್ದಕ್ಕೂ ಗುರುಗಳು ಹೇಳಿದ್ದು ನಿಜವಾಗಿರಲಿ ಎಂದು ದೇವರಿಗೆ ಹರಕೆ ಹೊತ್ತೆ. ಊರ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಮುದುಕಿಯನ್ನು ಕೇಳಿದೆ. ಆಕೆ ತಾನು ಬಟ್ಟೆ ಬಡಿಯುತ್ತಿದ್ದ ಚಪ್ಪಡಿಯನ್ನೇ ತೋರಿಸಿದಳು.

“ಇದ ನೋಡಪ್ಪ. ಬೋರಲ ಹಾಕಿ ಗಚ್ಚು ಹೊಡದು ಎರಡು ವರ್ಷ ಆತು. ಅದಕ್ಕೂ ಮೊದ್ಲ ಮಾನ್ವಿ ಮಾಸ್ತರ ಬಂದು ತೊಳದು ಬರಕೊಂಡು ಹೋಗಿದ್ದ. ಆಮ್ಯಾಲೆ ಯಾರೂ ಬಂದಿಲ್ಲ.”

ಅಕ್ಷರವೆಲ್ಲ ನೆಲದ ಕಡೆಗಿತ್ತು. ದೀಪಾವಳಿಯಲ್ಲಿ ಅದನ್ನು ಯಾರೂ ಓದಿರಲು ಸಾಧ್ಯವಿರಲಿಲ್ಲ. ಆ ಬಾವಿಕಟ್ಟೆಯ ಮೇಲೆ ಕುಳಿತು ನಾನು ಅತ್ತೆ, ನಾಚಿಕೆಪಡದೆ ಹೇಳುತ್ತೇನೆ.

“ಅವರಿಗೂ ಮಾತಾಡಾಕ ಅವಕಾಶ ಕೊಡಬೇಕು” ಎಂದು ಸಂಪಾದಕರು ನನ್ನನ್ನೇ ಗುರುಗಳ ಮನೆಗೆ ಕಳಿಸಿದರು. ಗುರುಗಳು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ನಾನು ಬೋರಲು ಬಿದ್ದ ಕಲ್ಲಿನ ಮಾತು ಎತ್ತಿದೆ. ಅಡಕತ್ತರಿ ನಿಂತಿತು.

“ಅವನ ಹೆಸರಿನ್ಯಾಗ ಬಂದ್ರ ಯಾರು ಓದ್ತಾರಲೇ? ಕನ್ನಡ ಶಾಸನ ಅವ ಓದ್ಯಾನಂದ್ರ ಯಾರು ನಂಬ್ತಾರ? ನಾ ಆ ಕಲ್ಲಿಗೆ ಉಪಕಾರ ಮಾಡೀನಿ.”

“ನಿಮ್ಮ ಹೆಸರಿಲೆ ಬರಂಗಿಲ್ರಿ” ಎಂದೆ. ಅವರು ಒಳಗೆ ಹೋದರು. ಮತ್ತೆ ಆ ಮನೆಯ ಮೆಟ್ಟಿಲು ಹತ್ತುವ ಧೈರ್ಯ ನನಗೆ ಬರಲಿಲ್ಲ.

ಅಂದಿನಿಂದ ಪತ್ರಿಕೆಯಲ್ಲಿ ಲೇಖನಗಳು ಒಬ್ಬರ ಬದಲು ಇಬ್ಬರಿಗೆ, ಬರೆದವರ ಹೆಸರು ಮುಚ್ಚಿ ಹೋಗತೊಡಗಿದವು. ಆದರೆ ಈ ಲೇಖನದ ಗತಿ? ಕೈಬರಹ ಕೇಳಲು ನಾನು ಮಾನ್ವಿಗೆ ಹೋದೆ. ಮಾಸ್ತರರು ಬಡಕಲು ಮನುಷ್ಯ, ಮಾತು ಮೆಲ್ಲಗೆ. ನಡೆದುದನ್ನೆಲ್ಲ ಕೇಳಿ ಎದ್ದು ಚಾಪೆ ಹಾಸಿದರು.

“ಅದು ಬಚ್ಚಲ ಒಲಿಗೆ ಹೋತ್ರಿ, ಟಿಪ್ಪಣಿ ಸಮೇತ. ಅಂಥ ದೊಡ್ಡವ್ರು ಯೋಗ್ಯ ಇಲ್ಲ ಅಂದ್ರು. ನಂಗ ತಿಳಿಯಂಗಿಲ್ಲ ಅಂತ ತಿಳ್ಕೊಂಡು ಬರಿಯೂದ ಬಿಟ್ಟೆ.”

ಕಲ್ಲು ಗಚ್ಚಿನಲ್ಲಿ, ಟಿಪ್ಪಣಿ ಬೂದಿಯಲ್ಲಿ. ಅವರ ಲೇಖನ ಉಳಿದಿದ್ದದ್ದು ನನ್ನ ಚೀಲದಲ್ಲಿದ್ದ ಗುರುಗಳ ಪ್ರತಿಯಲ್ಲಿ ಮಾತ್ರ. ದೀಪಾವಳಿಯ ಸುಳ್ಳನ್ನು ಹೊಡೆದುಹಾಕಿ ಅದನ್ನೇ ಅವರ ಮುಂದಿಟ್ಟೆ. ನಿಮ್ಮದು ನಿಮ್ಮ ಹೆಸರಿನಲ್ಲಿ, ನಮ್ಮ ತಪ್ಪೊಪ್ಪಿಗೆಯ ಸಮೇತ ಅಚ್ಚಾಗುತ್ತದೆ ಎಂದೆ.

ಅವರು ಚಾಪೆಯ ಮೇಲೆ ಕುಳಿತು ಸಾಲುಸಾಲಾಗಿ ಓದಿದರು. ಎಲ್ಲಿಯೂ ಪೆನ್ಸಿಲ್ ಆಡಲಿಲ್ಲ. ಕಡೆಯ ಸಾಲಿಗೆ ಬಂದು ನಿಂತಿತು. ‘ಕೆರೆ ಬತ್ತಿದೆ, ಕಟ್ಟಿಸಿದವಳ ಹೆಸರು ಬತ್ತಿಲ್ಲ’ ಎಂದು ಅಲ್ಲಿತ್ತು. ಇಡೀ ಲೇಖನದಲ್ಲಿ ನನಗೆ ಬಹಳ ಹಿಡಿಸಿದ ಮಾತು.

“ಇದು ನಂದಲ್ರಿ” ಎಂದರು. “ಛಲೋ ಅದ, ಆದ್ರ ನಂದಲ್ಲ.”

“ಇರ್ಲಿ ಬಿಡ್ರಿ ಮಾಸ್ತರ, ಯಾರಿಗೆ ಗೊತ್ತಾಗ್ತದ?” ಎಂದೆ.

ಆಡಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಮಾಸ್ತರರು ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ಆ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಕಾಗದಗಳನ್ನು ನನ್ನ ಕೈಗಿತ್ತರು.